ಪ್ರಾಸ್ಟೇಟ್ ಕ್ಯಾನ್ಸರ್ ಮತ್ತು ಜೀನ್ ಚಿಕಿತ್ಸೆ: ನಾವು ತಿಳಿಯಬೇಕಾದದ್ದು



ಒಂದು ಸಂಘದ ಸಭೆಯಲ್ಲಿ ಸದಸ್ಯೆಯೊಬ್ಬರು 40,000 ರೂಪಾಯಿ ಸಾಲ ಕೇಳಿದರು. "ಸಿಸ್ಟರ್, ನಮ್ಮೆಜಮಾನ್ರಿಗೆ ಪ್ರಾಸ್ಟೇಟ್ ಕ್ಯಾನ್ಸರ್. ಜೀನ್ ಸರಿಮಾಡೋ ಪುಡಿ ಸಿಗ್ತದಂತೆ, ಆಪರೇಷನ್ನೇ ಬೇಡ್ವಂತೆ" ಅಂದರು. ಸಾಲ ಕೊಡಬೇಕೇ? ಮೊದಲು ವಿಷಯ ತಿಳಿಯೋಣ.

ಪ್ರಾಸ್ಟೇಟ್ ಎಂದರೇನು?
ಇದು ಗಂಡಸರಿಗೆ ಮಾತ್ರ ಇರುವ, ಮೂತ್ರಕೋಶದ ಕೆಳಗಿನ ಚಿಕ್ಕ ಗ್ರಂಥಿ. ವಯಸ್ಸಾದಂತೆ ಅನೇಕರಿಗೆ ದಪ್ಪವಾಗುತ್ತದೆ. ಅದೆಲ್ಲಾ ಕ್ಯಾನ್ಸರ್ ಅಲ್ಲ. ಆದರೆ ರಾತ್ರಿ ಪದೇಪದೇ ಏಳುವುದು, ಮೂತ್ರ ಕಟ್ಟಿಕಟ್ಟಿ ಬರುವುದು, ರಕ್ತ ಕಾಣುವುದು ಇದ್ದರೆ ನಾಚಿಕೆ ಬಿಟ್ಟು ಡಾಕ್ಟರಿಗೆ ತೋರಿಸಬೇಕು. ಪಿ.ಎಸ್.ಎ. ಎಂಬ ರಕ್ತಪರೀಕ್ಷೆ ಸುಳಿವು ಕೊಡುತ್ತದೆ, ಬಯಾಪ್ಸಿಯಿಂದ ಖಚಿತವಾಗುತ್ತದೆ.

ಜೀನ್ ಚಿಕಿತ್ಸೆ ಹೇಗೆ?
ನಮ್ಮ ಸಂಘದ ಪೆಟ್ಟಿಗೆಗೆ ಎರಡು ಬೀಗ, ಎರಡು ಕೀ ಇದ್ದ ಹಾಗೆ ಇದು. ಮೊದಲ ಕೀ ಇಂಜೆಕ್ಷನ್: ನೆಗಡಿ ತರುವ ಅಡಿನೋ ವೈರಸ್ಸನ್ನು ಬೆಳೆಯಲಾರದಂತೆ ಮಾಡಿ, ಅದರೊಳಗೆ ಹರ್ಪಿಸ್ ವೈರಸ್ಸಿನ ಒಂದು ಜೀನ್ ಇಟ್ಟು, ಪ್ರಾಸ್ಟೇಟಿಗೇ ಚುಚ್ಚುತ್ತಾರೆ. ಎರಡನೇ ಕೀ ವ್ಯಾಲಾಸೈಕ್ಲೊವಿರ್ ಮಾತ್ರೆ. ಸರ್ಪಸುತ್ತಿಗೆ ಕೊಡುವ ಮಾತ್ರೆಯೇ ಇದು. ಆ ಜೀನ್ ಸೇರಿದ ಕಣದಲ್ಲಿ ಮಾತ್ರೆ ವಿಷವಾಗಿ, ಬೇಗಬೇಗ ಹೆಚ್ಚುವ ಕ್ಯಾನ್ಸರ್ ಕಣ ಸಾಯುತ್ತದೆ. ಮಾತ್ರೆ ನಿಲ್ಲಿಸಿದರೆ ವಿಷವೂ ನಿಲ್ಲುತ್ತದೆ. ಹಿಡಿತ ವೈದ್ಯರ ಕೈಯಲ್ಲಿರುತ್ತದೆ. ಸತ್ತ ಕಣಗಳು ದೇಹದ ರೋಗನಿರೋಧಕ ಶಕ್ತಿಯನ್ನೂ ಎಬ್ಬಿಸುತ್ತವೆ. ಚಳಿ, ಜ್ವರ ಬರಬಹುದು.

ಫಲ ಸಿಕ್ಕಿದೆಯೇ?
1990ರ ದಶಕದಲ್ಲಿ ಅಮೆರಿಕಾದ ಹ್ಯೂಸ್ಟನ್‌ನ ಬೇಲರ್ ವೈದ್ಯಕೀಯ ಕಾಲೇಜಿನಲ್ಲಿ ಇಂಥ ಪ್ರಯೋಗ ನಡೆಯಿತು. 745 ರೋಗಿಗಳ ದೊಡ್ಡ ಪ್ರಯೋಗದ ಫಲಿತಾಂಶ 2024ರ ಡಿಸೆಂಬರ್‌ನಲ್ಲಿ ಬಂತು. ಎಲ್ಲರಿಗೂ ರೇಡಿಯೇಷನ್ ಕೊಟ್ಟಿದ್ದರು. ಜೊತೆಗೆ ಜೀನ್ ಚಿಕಿತ್ಸೆ ಪಡೆದವರಲ್ಲಿ ಕಾಯಿಲೆ ಮರುಕಳಿಸುವ ಅಥವಾ ಸಾವಿನ ಅಪಾಯ ಶೇ. 30 ಕಡಿಮೆಯಾಯಿತು. ಗಮನಿಸಿ: ರೇಡಿಯೇಷನ್ ಬದಲಿಗೆ ಅಲ್ಲ, ಅದರ ಜೊತೆಗೆ. ಹಾಗೂ ಕಾಯಿಲೆ ಬೇರೆ ಕಡೆ ಹರಡದವರಿಗೆ.

ನೆನಪಿಡಿ
• ಜೀನ್ ಚಿಕಿತ್ಸೆ ಪುಡಿ, ಕಷಾಯದಲ್ಲಿ ಬರುವುದಿಲ್ಲ, ಅಂಗಡಿಯಲ್ಲಿ ಸಿಗುವುದಿಲ್ಲ.
• ಆಪರೇಷನ್, ರೇಡಿಯೇಷನ್, ಹಾರ್ಮೋನ್ ಚಿಕಿತ್ಸೆ ನಮ್ಮಲ್ಲೇ ಇವೆ. ಬೆಂಗಳೂರಿನ ಕಿದ್ವಾಯಿಯಂಥ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ, ಆಯುಷ್ಮಾನ್ ಕಾರ್ಡ್ ಒಯ್ಯಿರಿ.
• ತಂದೆಗೆ ಅಥವಾ ಅಣ್ಣತಮ್ಮಂದಿರಿಗೆ ಈ ಕ್ಯಾನ್ಸರ್ ಇದ್ದರೆ ಅಪಾಯ ಹೆಚ್ಚು.

ಆ ಸದಸ್ಯೆಗೆ ಸಂಘ ಸಾಲ ಕೊಟ್ಟಿತು. ಪುಡಿಗಲ್ಲ, ಆಸ್ಪತ್ರೆಗೆ ಹೋಗಿಬರುವ ಖರ್ಚಿಗೆ.

ಸಭೆಯಲ್ಲಿ ಚರ್ಚಿಸಿ
1. ಮನೆಯ ಗಂಡಸರು ಇಂಥ ತೊಂದರೆ ಯಾಕೆ ಮುಚ್ಚಿಡುತ್ತಾರೆ? ನಾವು ಹೇಗೆ ಮಾತು ತೆಗೆಯಬಹುದು?
2. ಔಷಧಿಗೆ ಸಾಲ ಕೇಳಿದಾಗ ಸಂಘ ಏನೇನು ವಿಚಾರಿಸಬೇಕು?