ಮಕ್ಕಳ ಫೋನಿನ ಸಂದೇಶಗಳು: ಹೆತ್ತವರು ತಿಳಿಯಬೇಕಾದುದು, ಬಿಡಬೇಕಾದುದು

ಅಮೆರಿಕಕ್ಕೆ ಹೊಸದಾಗಿ ಬಂದು ನೆಲೆಸುವ ಅನೇಕ ಕನ್ನಡ ಕುಟುಂಬಗಳಲ್ಲಿ ಮಗುವಿಗೆ ಸ್ವಂತ ಫೋನು ಸಿಗುವುದು ಮಿಡಲ್ ಸ್ಕೂಲಿಗೆ, ಅಂದರೆ ಆರನೇ ತರಗತಿಯ ಆಸುಪಾಸಿನಲ್ಲಿ ಆರಂಭವಾಗುವ ಮಧ್ಯಮ ಹಂತದ ಶಾಲೆಗೆ, ಸೇರುವ ಹೊತ್ತಿನಲ್ಲಿ. ತಂದೆತಾಯಿ ಇಬ್ಬರೂ ಕೆಲಸಕ್ಕೆ ಹೋಗಿರುವ, ಸಂಜೆಯವರೆಗೆ ಮಗುವಿನ ಮೇಲೊಂದು ಕಣ್ಣಿಡಲು ಅಜ್ಜಿಯೂ ಪಕ್ಕದ ಮನೆಯವರೂ ಇಲ್ಲದ ಊರಿನಲ್ಲಿ ಫೋನು ಅನಿವಾರ್ಯವಾಗುತ್ತದೆ. ಆದರೆ ಅದೇ ಫೋನು, ಹೆತ್ತವರಿಗೆ ಗುರುತಿಲ್ಲದ ಮನೆಗಳ ಮಕ್ಕಳೊಂದಿಗೆ, ಹೆತ್ತವರಿಗೆ ಅರ್ಧ ಮಾತ್ರ ಅರ್ಥವಾಗುವ ಆಡುನುಡಿಯಲ್ಲಿ ಮಗುವಿನ ಗೆಳೆತನಗಳು ಬೆಳೆಯುವ ಜಾಗವೂ ಆಗಿಬಿಡುತ್ತದೆ. ಇದರಿಂದ ಹುಟ್ಟುವ ಆತಂಕ ಸಹಜವಾದದ್ದು, ಗೌರವಕ್ಕೆ ಅರ್ಹವಾದದ್ದು. ಆದರೆ ಆ ಆತಂಕ ಮೊದಲು ಸೂಚಿಸುವ ಪರಿಹಾರ, ಮಗುವಿಗೆ ತಿಳಿಯದಂತೆ ಎಲ್ಲ ಸಂದೇಶಗಳನ್ನೂ ಓದುವುದು, ಬಹುಪಾಲು ಸಂದರ್ಭಗಳಲ್ಲಿ ಮಗುವಿನ ಸುರಕ್ಷತೆಯನ್ನು ಹೆಚ್ಚಿಸುವುದಕ್ಕಿಂತ ಕುಗ್ಗಿಸುತ್ತದೆ. ಏಕೆಂದರೆ ಅಪಾಯ ಎದುರಾದಾಗ ಮಗು ತಾನಾಗಿ ಬಂದು ಹೇಳುವ ಅಭ್ಯಾಸಕ್ಕಿಂತ ದೊಡ್ಡ ರಕ್ಷಣೆ ಇನ್ನೊಂದಿಲ್ಲ, ಮತ್ತು ಗುಟ್ಟಾದ ಓದು ಆ ಅಭ್ಯಾಸವನ್ನೇ ಮುರಿಯುತ್ತದೆ.

ಖಾಸಗಿತನ, ಅಂದರೆ ತನಗೆ ಸಂಬಂಧಿಸಿದ ಯಾವ ಸಂಗತಿ ಯಾರಿಗೆ ತಿಳಿಯಬೇಕೆಂದು ನಿರ್ಧರಿಸುವ ಅವಕಾಶ, ಪಶ್ಚಿಮದ ಕಲ್ಪನೆಯೆಂದೂ ಭಾರತೀಯ ಕುಟುಂಬದಲ್ಲಿ ಅದಕ್ಕೆ ಜಾಗವಿಲ್ಲವೆಂದೂ ಹಿರಿಯರು ಕೆಲವೊಮ್ಮೆ ವಾದಿಸುವುದುಂಟು. ಆದರೆ 2017ರ ಆಗಸ್ಟ್ 24ರಂದು ಭಾರತದ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೇ ಎಂಬುದನ್ನು ಕನ್ನಡಿಗರು ನೆನೆಯಬೇಕು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೇ ವಿಧಿ ಮಗುವಿನ ಖಾಸಗಿ ಬದುಕಿನಲ್ಲಿಯೂ ಪತ್ರವ್ಯವಹಾರದಲ್ಲಿಯೂ ಮನಬಂದಂತೆ ತಲೆಹಾಕುವುದನ್ನು ತಡೆಯುತ್ತದೆ. ಅದರ 5ನೇ ವಿಧಿ ಮಗುವಿನ ಬೆಳೆಯುತ್ತಿರುವ ಸಾಮರ್ಥ್ಯಕ್ಕೆ ತಕ್ಕಂತೆ ಮಾರ್ಗದರ್ಶನ ಮಾಡುವ ಹೊಣೆಯನ್ನೂ ಹಕ್ಕನ್ನೂ ಹೆತ್ತವರಿಗೆ ಕೊಡುತ್ತದೆ. ಭಾರತ 1992ರಲ್ಲಿ ಈ ಒಡಂಬಡಿಕೆಯನ್ನು ಒಪ್ಪಿಕೊಂಡಿತು, ಅಮೆರಿಕ 1995ರಲ್ಲಿ ಸಹಿ ಹಾಕಿದರೂ ಅನುಮೋದಿಸಿಲ್ಲ. ಆದರೂ ಆ ಎರಡು ವಿಧಿಗಳನ್ನು ಒಟ್ಟಿಗೆ ಓದಿದಾಗ ಸಿಗುವ ತಿಳಿವಳಿಕೆ ಯಾವ ಮನೆಗೂ ಸಲ್ಲುವಂಥದು: ಹನ್ನೊಂದರ ಮಗುವಿಗೆ ತಕ್ಕ ಮೇಲ್ವಿಚಾರಣೆ ಹದಿನಾರರ ಮಗುವಿಗೆ ತಕ್ಕದ್ದಲ್ಲ.

ಅಮೆರಿಕದ ಕಾನೂನು ಹೆತ್ತವರಿಗೆ ವಿಶಾಲವಾದ ಅಧಿಕಾರ ಕೊಟ್ಟಿದ್ದರೂ ಅದನ್ನು ಕಾರಣಕ್ಕೆ ಕಟ್ಟಿಹಾಕಿದೆ. ದೂರವಾಣಿ ಮಾತನ್ನೂ ವಿದ್ಯುನ್ಮಾನ ಸಂದೇಶವನ್ನೂ ಹೊರಗಿನವರು ನಡುವೆ ಹಿಡಿದುಕೊಳ್ಳುವುದನ್ನು 1986ರ ಫೆಡರಲ್ ಕಾಯ್ದೆ ನಿಷೇಧಿಸುತ್ತದೆ, ಮಾತಾಡುವವರಲ್ಲೊಬ್ಬರ ಒಪ್ಪಿಗೆಯಿದ್ದರೆ ವಿನಾಯಿತಿ ನೀಡುತ್ತದೆ. ತಾಯಿಯೊಬ್ಬರು ಮಗಳ ದೂರವಾಣಿ ಸಂಭಾಷಣೆಯನ್ನು ಧ್ವನಿಮುದ್ರಿಸಿಕೊಂಡ ಪ್ರಕರಣವೊಂದರಲ್ಲಿ ಆರನೇ ವಲಯದ ಫೆಡರಲ್ ಮೇಲ್ಮನವಿ ನ್ಯಾಯಾಲಯ 1998ರಲ್ಲಿ, ಮಗುವಿನ ಹಿತಕ್ಕೆ ಅದು ಅಗತ್ಯವೆಂಬ ಪ್ರಾಮಾಣಿಕವಾದ, ಹೊರಗಿನವರಿಗೂ ಸಮಂಜಸವೆನಿಸುವ ನಂಬಿಕೆಯಿದ್ದರೆ ಹೆತ್ತವರು ಮಗುವಿನ ಪರವಾಗಿ ಒಪ್ಪಿಗೆ ಕೊಡಬಹುದೆಂದು ತೀರ್ಮಾನಿಸಿತು. ಎಲ್ಲ ರಾಜ್ಯಗಳ ನಿಯಮ ಒಂದೇ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ಗೋಪ್ಯ ಸಂಭಾಷಣೆಯನ್ನು ಧ್ವನಿಮುದ್ರಿಸಲು ಅದರಲ್ಲಿ ಭಾಗಿಯಾದ ಎಲ್ಲರ ಒಪ್ಪಿಗೆ ಬೇಕು. ನ್ಯಾಯಾಲಯ ಕೇಳಿದ ಪ್ರಶ್ನೆಯನ್ನೇ, ಅಂದರೆ ಈ ಮಗುವಿನ ವಿಷಯದಲ್ಲಿ ಈಗ ಹೇಳಬಹುದಾದ ಕಾರಣವೇನೆಂಬುದನ್ನು, ಫೋನು ಕೈಗೆತ್ತಿಕೊಳ್ಳುವ ಮುನ್ನ ಹೆತ್ತವರು ತಮಗೆ ತಾವೇ ಕೇಳಿಕೊಳ್ಳುವುದು ಒಳ್ಳೆಯದು.

ಮಗು ಯಾರೊಂದಿಗೆ ಸಂಪರ್ಕದಲ್ಲಿದೆ ಎಂಬುದನ್ನು ತಿಳಿಯುವುದಕ್ಕೂ ಅವರೊಂದಿಗೆ ಏನು ಮಾತಾಡುತ್ತಿದೆ ಎಂಬುದನ್ನು ಓದುವುದಕ್ಕೂ ಇರುವ ಅಂತರವನ್ನು ಇಂದಿನ ಅನೇಕ ಸೌಲಭ್ಯಗಳು ಗುರುತಿಸಿವೆ. ಇನ್‌ಸ್ಟಾಗ್ರಾಂನಲ್ಲಿ 2024ರ ಸೆಪ್ಟೆಂಬರಿನಲ್ಲಿ ಆರಂಭವಾದ ಹದಿಹರೆಯದವರ ಖಾತೆಗಳಿಗೆ ಹೆತ್ತವರು ತಮ್ಮ ಖಾತೆಯನ್ನು ಜೋಡಿಸಿಕೊಂಡರೆ, ಕಳೆದ 7 ದಿನಗಳಲ್ಲಿ ಮಗು ಯಾರಿಗೆ ಸಂದೇಶ ಕಳಿಸಿದೆಯೆಂಬುದು ಕಾಣುತ್ತದೆ, ಸಂದೇಶ ಕಾಣುವುದಿಲ್ಲ. ಸ್ನ್ಯಾಪ್‌ಚಾಟ್ 2022ರಿಂದ ಕೊಡುತ್ತಿರುವ ಕುಟುಂಬ ಸೌಲಭ್ಯವೂ ಇದೇ ರೀತಿಯದು. ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್‌ಗಳಿಗೆ ಅನುಮತಿ, ಬಳಕೆಯ ಸಮಯ, ಮಗು ಇರುವ ಸ್ಥಳ ಇವನ್ನು ಹೆತ್ತವರ ಕೈಗೆ ಕೊಡುತ್ತದೆಯೇ ಹೊರತು ಸಂದೇಶಗಳನ್ನಲ್ಲ. ಮಗುವಿನ ಆ್ಯಪಲ್ ಫೋನಿಗೆ ನಗ್ನಚಿತ್ರ ಬಂದರೆ ಅದನ್ನು ಮಸುಕುಗೊಳಿಸಿ ಎಚ್ಚರಿಸುವ ವ್ಯವಸ್ಥೆ ಇದೆ. ಆ ಪರಿಶೀಲನೆ ಫೋನಿನೊಳಗೇ ನಡೆಯುತ್ತದೆ. ಪರಿಚಯವಿಲ್ಲದ ಹೆಸರೊಂದು ಪಟ್ಟಿಯಲ್ಲಿ ಮತ್ತೆ ಮತ್ತೆ ಕಂಡಾಗ ಅದು ಯಾರದೆಂದು ಮಗುವನ್ನೇ ಕೇಳಬಹುದು, ಮತ್ತು ಬಹಳಷ್ಟು ಮನೆಗಳಿಗೆ ಇಷ್ಟು ಸಾಕು.

ಹದಿಮೂರಕ್ಕಿಂತ ಚಿಕ್ಕ ಮಗುವಿನ ವಿಷಯ ಬೇರೆ. 1998ರಲ್ಲಿ ಅಂಗೀಕಾರವಾಗಿ 2000ದಲ್ಲಿ ಜಾರಿಗೆ ಬಂದ ಮಕ್ಕಳ ಆನ್‌ಲೈನ್ ಖಾಸಗಿತನ ರಕ್ಷಣಾ ಕಾಯ್ದೆ, ಆ ವಯಸ್ಸಿನವರ ಮಾಹಿತಿ ಸಂಗ್ರಹಿಸಲು ಹೆತ್ತವರ ಒಪ್ಪಿಗೆಯನ್ನು ಕಡ್ಡಾಯ ಮಾಡಿದೆ; ಅನೇಕ ಸಂದೇಶ ಸೇವೆಗಳು 13ನ್ನೇ ಕನಿಷ್ಠ ವಯಸ್ಸಾಗಿ ಇಟ್ಟುಕೊಂಡಿವೆ. ಈ ವಯಸ್ಸಿನಲ್ಲಿ ಫೋನನ್ನು ಮಗುವಿನ ಪಕ್ಕದಲ್ಲಿ ಕುಳಿತು, ಮಗುವಿನ ಕೈಯಲ್ಲೇ ತೆಗೆಸಿ ನೋಡುವುದರಲ್ಲಿ ತಪ್ಪಿಲ್ಲ, ಆದರೆ ಹೀಗೆ ನೋಡಲಾಗುವುದೆಂಬ ಮಾತು ಫೋನು ಕೊಟ್ಟ ದಿನವೇ ಆಗಿರಬೇಕು. ಹೈಸ್ಕೂಲು ಸೇರಿದ ಮೇಲೆ ಆ ನೋಟವನ್ನು ಸಂಪರ್ಕಪಟ್ಟಿಗೆ ಸೀಮಿತಗೊಳಿಸಿ, ಹದಿನೇಳರ ಹೊತ್ತಿಗೆ ಸ್ಪಷ್ಟ ಕಾರಣವಿಲ್ಲದೆ ಕೈಹಾಕದ ಮಟ್ಟಕ್ಕೆ ತರುವುದು ವಿವೇಕದ ಹಾದಿ.

ಫೋನಿನಲ್ಲಿ ಅಡಗಿ ಕುಳಿತು ಪ್ರತಿ ಸಂದೇಶವನ್ನೂ ಹೆತ್ತವರಿಗೆ ರವಾನಿಸುವುದಾಗಿ ಜಾಹೀರಾತು ಕೊಡುವ ತಂತ್ರಾಂಶಗಳನ್ನು ದೂರವಿಡಬೇಕು. ವಾಟ್ಸ್‌ಆ್ಯಪ್‌ನಂಥ ಸೇವೆಗಳಲ್ಲಿ ಸಂದೇಶ ಕಳಿಸಿದವರ ಮತ್ತು ಪಡೆದವರ ಫೋನಿನಲ್ಲಿ ಮಾತ್ರ ಓದಲು ಬರುವ ಗೂಢಲಿಪಿ ವ್ಯವಸ್ಥೆಯಿರುವುದರಿಂದ, ಇಂಥ ತಂತ್ರಾಂಶ ಫೋನಿನ ರಕ್ಷಣೆಯನ್ನೇ ಸಡಿಲಿಸಿ ಒಳಗಿನದನ್ನು ಇನ್ನೊಂದು ಕಂಪನಿಯ ಗಣಕಕ್ಕೆ ಸಾಗಿಸಬೇಕಾಗುತ್ತದೆ. ಹಾಗೆ ಸಂಗ್ರಹವಾದ ಮಾಹಿತಿ ಸೋರಿಹೋದ ಪ್ರಕರಣಗಳು ಒಂದಕ್ಕಿಂತ ಹೆಚ್ಚು ಬಾರಿ ಬಯಲಾಗಿವೆ. ಅದಕ್ಕಿಂತ ಗಂಭೀರವಾದ ಸಂಗತಿ, ಆ ಸಂದೇಶಗಳಲ್ಲಿ ಅರ್ಧ ಬೇರೆ ಮಕ್ಕಳವು ಎಂಬುದು. ತನ್ನ ಮನೆಯ ಜಗಳವನ್ನೋ ತನ್ನ ಕಾಯಿಲೆಯನ್ನೋ ಗೆಳತಿಗೆ ಬರೆದುಕೊಂಡ ಹುಡುಗಿ, ಆ ಗೆಳತಿಯ ಹೆತ್ತವರಿಗೆ ಅದನ್ನು ಹೇಳಿಲ್ಲ. ಕನ್ನಡ ಕೂಟದಂಥ ಚಿಕ್ಕ ಸಮುದಾಯದಲ್ಲಿ, ಒಬ್ಬರ ಮನೆಯ ಮಾತು ಯುಗಾದಿಯ ಊಟದ ಪಂಕ್ತಿಯಲ್ಲಿ ಇನ್ನೊಬ್ಬರ ಕಿವಿಗೆ ಬೀಳುವುದು ಕಷ್ಟವೇನಲ್ಲ, ಮತ್ತು ಅದರ ನೋವು ಅನುಭವಿಸುವುದು ಆ ಮಗು.

ಇಷ್ಟಾದರೂ ಓದಲೇಬೇಕಾದ ಸಂದರ್ಭಗಳಿವೆ: ಮಗು ತನ್ನ ಜೀವಕ್ಕೆ ಹಾನಿ ಮಾಡಿಕೊಳ್ಳುವ ಸೂಚನೆ ಕಂಡಾಗ, ಅಪರಿಚಿತ ವಯಸ್ಕರು ಗುಟ್ಟಾಗಿ ಭೇಟಿಗೆ ಕರೆಯುತ್ತಿರುವಾಗ, ಬೆದರಿಕೆ ಇರುವಾಗ. ಹದಿಹರೆಯದವರಿಂದ ನಗ್ನಚಿತ್ರ ಪಡೆದು, ಅದನ್ನು ಬಯಲು ಮಾಡುವುದಾಗಿ ಹೆದರಿಸಿ ಹಣ ಕೀಳುವ ಅಪರಾಧದ ಬಗ್ಗೆ ಎಫ್‌ಬಿಐ ಪದೇ ಪದೇ ಎಚ್ಚರಿಸಿದೆ. ಇದಕ್ಕೆ ಹೆಚ್ಚಾಗಿ ಗುರಿಯಾಗುವವರು 14ರಿಂದ 17ರ ವಯಸ್ಸಿನ ಹುಡುಗರು, ಮತ್ತು ಕೆಲವರು ಪ್ರಾಣವನ್ನೇ ಕಳೆದುಕೊಂಡಿದ್ದಾರೆ. ಮನೆಯ ಮರ್ಯಾದೆ ಹೋಯಿತೆಂಬ ಭಯದಲ್ಲಿ ಬಾಯಿ ಕಟ್ಟಿಕೊಂಡ ಮಗುವೇ ಈ ವಂಚಕರಿಗೆ ಬೇಕಾದ ಮಗು. ಆದ್ದರಿಂದ ಹೆತ್ತವರ ಮೊದಲ ಮಾತು ಗದರಿಕೆಯಾಗಬಾರದು. ಹಣ ಕೊಡಬಾರದು, ಸಾಕ್ಷಿಯಾಗಬಲ್ಲ ಸಂದೇಶಗಳನ್ನು ಅಳಿಸಬಾರದು. ಅಪ್ರಾಪ್ತರ ನಗ್ನಚಿತ್ರವನ್ನು ಹೆತ್ತವರು ತಮ್ಮ ಫೋನಿಗೆ ಇಳಿಸಿಕೊಳ್ಳುವುದಾಗಲಿ, ಸಲಹೆ ಕೇಳಲೆಂದು ಬಂಧುಗಳಿಗೆ ಕಳಿಸುವುದಾಗಲಿ ಸಲ್ಲದು, ಅಂಥ ಚಿತ್ರವನ್ನು ಹಂಚುವುದು ಫೆಡರಲ್ ಕಾನೂನಿನಲ್ಲಿ ಅಪರಾಧ. ಕಾಣೆಯಾದ ಮತ್ತು ಶೋಷಿತ ಮಕ್ಕಳ ರಾಷ್ಟ್ರೀಯ ಕೇಂದ್ರಕ್ಕೆ 1-800-843-5678 ಸಂಖ್ಯೆಯಲ್ಲಿ ಕರೆ ಮಾಡಬಹುದು. ಅದೇ ಕೇಂದ್ರದ ಟೇಕ್ ಇಟ್ ಡೌನ್ ಸೇವೆ ಚಿತ್ರವನ್ನು ಪಡೆಯದೆಯೇ ಅದರ ಗುರುತಿನ ಸಂಕೇತವನ್ನಷ್ಟೇ ಪಡೆದು, ಸೇವೆಯಲ್ಲಿ ಭಾಗಿಯಾದ ಜಾಲತಾಣಗಳು ಅದನ್ನು ಪತ್ತೆಮಾಡಿ ತೆಗೆಯಲು ನೆರವಾಗುತ್ತದೆ. ಆತ್ಮಹತ್ಯೆಯ ಯೋಚನೆಯಿದ್ದರೆ 988 ಸಹಾಯವಾಣಿಗೆ ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಬಹುದು, ಸಂದೇಶವನ್ನೂ ಕಳಿಸಬಹುದು. ಇಂಥ ಕಾರಣಕ್ಕೆ ಫೋನು ತೆರೆದು ನೋಡಿದ ಹೆತ್ತವರು, ನೋಡಿದ್ದನ್ನೂ ಏಕೆ ನೋಡಬೇಕಾಯಿತೆಂಬುದನ್ನೂ ಆದಷ್ಟು ಬೇಗ ಮಗುವಿಗೆ ತಾವೇ ಹೇಳಬೇಕು.

ಮಗುವಿನ ಮಾತುಗಳನ್ನು ನೋಡಬಲ್ಲವರು ಹೆತ್ತವರು ಮಾತ್ರವಲ್ಲ. ಶಾಲೆ ಕೊಟ್ಟ ಲ್ಯಾಪ್‌ಟಾಪಿನ ಮೇಲೆ ಅನೇಕ ಶಾಲಾ ಜಿಲ್ಲೆಗಳು ತಮ್ಮದೇ ನಿಗಾ ಇಟ್ಟಿರುತ್ತವೆಂಬುದನ್ನು ಹೆತ್ತವರೂ ಮಕ್ಕಳೂ ಅರಿತಿರಬೇಕು. ಸ್ವಂತ ಮಾತುಕತೆಗೆ ಅದು ಜಾಗವಲ್ಲ.

ಮಗುವಿನ ಖಾಸಗಿತನಕ್ಕೆ ಧಕ್ಕೆ ಬರುವುದು ಮಗುವಿನ ಫೋನಿನಿಂದ ಮಾತ್ರವಲ್ಲ. ಊರಿನ ಬಂಧುಗಳ ವಾಟ್ಸ್‌ಆ್ಯಪ್ ಗುಂಪಿಗೆ ಮಗುವಿನ ಅಂಕಪಟ್ಟಿ, ಈಜುಡುಗೆಯ ಫೋಟೋ, ತಮಾಷೆಯೆನಿಸಿದ ಸಂದೇಶದ ಸ್ಕ್ರೀನ್‌ಶಾಟ್ ಹೋಗುವುದು ಹೆತ್ತವರ ಫೋನಿನಿಂದ, ಹೆಚ್ಚಾಗಿ ಪ್ರೀತಿಯಿಂದ. ಮೈಸೂರಿನ ಅಜ್ಜಿಗೂ ದಾವಣಗೆರೆಯ ಚಿಕ್ಕಪ್ಪನಿಗೂ ಮಗುವಿನ ಸುದ್ದಿ ತಲುಪಬೇಕಾದದ್ದೇ, ಆದರೆ ಕಳಿಸುವ ಮುನ್ನ ಮಗುವನ್ನು ಒಂದು ಮಾತು ಕೇಳಬೇಕು, ಮಗು ಬೇಡವೆಂದರೆ ಕಳಿಸದಿರಬೇಕು.