ಆಟ ಮುಗಿದ ಮೇಲೆ

ಹಂಪಿಯ ಮಹಾನವಮಿ ದಿಬ್ಬದ ಮೇಲೆ ಕುಸ್ತಿಯಾಡುವ ಮಲ್ಲರನ್ನು ಶಿಲ್ಪಿಗಳು ಕೆತ್ತಿದ್ದಾರೆ. ಆ ಕಲ್ಲಿನ ಮಲ್ಲರಿಗೆ ಮುಪ್ಪಿಲ್ಲ. ಆದರೆ ಮನುಷ್ಯನಾದ ಕ್ರೀಡಾಪಟುವಿನ ಮೈ ನಡುವಯಸ್ಸಿಗೆ ಮೊದಲೇ ದಣಿಯುತ್ತದೆ. ಚಪ್ಪಾಳೆ ನಿಂತ ಮೇಲೆ, ಉಳಿದ ಅರ್ಧ ಬಾಳನ್ನು ಅವನು ಹೇಗೆ ಸಾರ್ಥಕಪಡಿಸಿಕೊಳ್ಳಬೇಕು?

ಬೆಂಗಳೂರಿನ ಪ್ರಕಾಶ್ ಪಡುಕೋಣೆಯವರ ಬಾಳು ಈ ಪ್ರಶ್ನೆಗೆ ಒಂದು ಉತ್ತರ. 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿಯನ್ನು ಗೆದ್ದ ಮೊದಲ ಭಾರತೀಯರು ಅವರು. ಸ್ಪರ್ಧೆಗಳಿಂದ ನಿವೃತ್ತರಾದ ಬಳಿಕ ಹಳೆಯ ಕೀರ್ತಿಯ ನೆರಳಿನಲ್ಲಿ ಅವರು ಕುಳಿತಿರಲಿಲ್ಲ. 1994ರಲ್ಲಿ ಬೆಂಗಳೂರಿನಲ್ಲಿ ತರಬೇತಿ ಶಾಲೆಯನ್ನು ತೆರೆದು, ತಾವು ಕಲಿತುದನ್ನು ಎಳೆಯರಿಗೆ ಧಾರೆಯೆರೆದರು. ಅವರ ಬಳಿ ಪಳಗಿದ ಪುಲ್ಲೇಲ ಗೋಪಿಚಂದರು 2001ರಲ್ಲಿ ಅದೇ ಪ್ರಶಸ್ತಿಯನ್ನು ಗೆದ್ದರು. ಮುಂದೆ ಗೋಪಿಚಂದರೂ ಗುರುವಿನ ದಾರಿಯನ್ನೇ ಹಿಡಿದು ಹೈದರಾಬಾದಿನಲ್ಲಿ ಶಾಲೆ ಕಟ್ಟಿದರು. ಅವರ ಶಿಷ್ಯೆಯರಾದ ಸೈನಾ ನೆಹವಾಲ್ 2012ರಲ್ಲಿ ಒಲಿಂಪಿಕ್ ಕಂಚನ್ನೂ ಪಿ.ವಿ. ಸಿಂಧು 2016ರಲ್ಲಿ ಬೆಳ್ಳಿಯನ್ನೂ ತಂದರು.

ಪದಕವು ಗೆದ್ದವರ ಮನೆಯಲ್ಲಿಯೇ ಉಳಿಯುತ್ತದೆ. ಕಲಿಸಿದ ವಿದ್ಯೆ ಮಾತ್ರ ಕೈಯಿಂದ ಕೈಗೆ ಸಾಗುತ್ತದೆ. ಊರ ಗರಡಿಯಲ್ಲಿ ಹುಡುಗರಿಗೆ ಪಟ್ಟು ಹೇಳಿಕೊಡುವ ವೃದ್ಧ ಪೈಲ್ವಾನನು ಯಾವ ಪ್ರಶಸ್ತಿಯನ್ನೂ ಪಡೆಯದಿರಬಹುದು. ಆದರೂ ಅವನು ನಡೆಯುತ್ತಿರುವುದು ಇದೇ ದಾರಿಯಲ್ಲಿ.