ವೃದ್ಧರ ಆರೈಕೆ ಮತ್ತು ವೈದ್ಯ ವಿದ್ಯಾರ್ಥಿಗಳು

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ವೈಯಾವೃತ್ಯವನ್ನು, ಅಂದರೆ ಸೇವೆಯನ್ನು, ಆರು ಅಂತರಂಗ ತಪಸ್ಸುಗಳಲ್ಲಿ ಎಣಿಸಿದ್ದಾರೆ. ಸೇವೆಗೆ ಪಾತ್ರರಾದ ಹತ್ತು ಬಗೆಯವರಲ್ಲಿ ‘ಗ್ಲಾನ’ ಎಂದರೆ ರೋಗಪೀಡಿತ ಮುನಿಯೂ ಒಬ್ಬರು. ಮುನಿಸಂಘಕ್ಕೆ ಹೇಳಿದ ಈ ಉಪದೇಶವು ಶ್ರಾವಕರ ಮನೆಗೂ, ಆಸ್ಪತ್ರೆಗೂ ಅನ್ವಯಿಸುತ್ತದೆ.

2011ರ ಜನಗಣತಿಯಂತೆ ಭಾರತದಲ್ಲಿ 60 ವರ್ಷ ದಾಟಿದವರು 10 ಕೋಟಿಗೂ ಅಧಿಕ. ಆದರೂ ವೃದ್ಧರ ಚಿಕಿತ್ಸೆಯಲ್ಲಿ ಎಂ.ಡಿ. ಶಿಕ್ಷಣವು ನಮ್ಮ ದೇಶದಲ್ಲಿ ಮೊದಲು ಆರಂಭವಾದದ್ದು 1996ರಲ್ಲಿ, ಮದ್ರಾಸ್ ವೈದ್ಯಕೀಯ ಕಾಲೇಜಿನಲ್ಲಿ. 2019ರಿಂದ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ ಈ ವಿಷಯಕ್ಕೆ ಪ್ರತ್ಯೇಕ ಪಾಠವಿದೆ.

ವಿದ್ಯಾರ್ಥಿಗೆ ಇಲ್ಲಿ ಎರಡು ಸಂಗತಿಗಳು ಬೇಕು: ಜ್ಞಾನ ಮತ್ತು ಮನೋಭಾವ. ನ್ಯುಮೋನಿಯಾ ಬಂದ ವೃದ್ಧರಿಗೆ ಜ್ವರವಿಲ್ಲದೆ ಕೇವಲ ಮತಿಭ್ರಮೆ ಕಾಣಬಹುದು. ಹೃದಯಾಘಾತವು ಎದೆನೋವಿಲ್ಲದೆ ಬರಬಹುದು. ಹಲವು ಮಾತ್ರೆಗಳು ಒಟ್ಟಾಗಿ ತಲೆಸುತ್ತು ತಂದು ಬೀಳಿಸಬಹುದು. ಇದು ಜ್ಞಾನ, ಪುಸ್ತಕದಿಂದ ದೊರೆಯುತ್ತದೆ. ಆದರೆ “ವಯಸ್ಸಾಯಿತು, ಇಷ್ಟೇ” ಎಂದು ತಳ್ಳಿಹಾಕುವ ಮನಸ್ಸಿದ್ದರೆ ಆ ಜ್ಞಾನವು ಉಪಯೋಗಕ್ಕೆ ಬಾರದು. ಆದುದರಿಂದಲೇ ಅಮೆರಿಕದ ವಿದ್ವಾಂಸರು 1977ರಲ್ಲಿ ಜ್ಞಾನವನ್ನು ಅಳೆಯುವ ಪ್ರಶ್ನಾವಳಿಯನ್ನೂ, 1998ರಲ್ಲಿ ವೈದ್ಯರ ಮನೋಭಾವವನ್ನು ಅಳೆಯುವ ಬೇರೊಂದು ಪ್ರಶ್ನಾವಳಿಯನ್ನೂ ಪ್ರಕಟಿಸಿದರು.

ನಮ್ಮ ಸೋಲಾಪುರದ ಅಕ್ಕಲಕೋಟ ರಸ್ತೆಯನ್ನೇ ನೋಡಬಹುದು. ಎಂಐಡಿಸಿಯಲ್ಲಿ ಚಾದರ, ಟವೆಲ್ ನೇಯುವ ಕಾರ್ಖಾನೆಗಳಿವೆ. ಮುಂದೆ ಕುಂಭಾರಿಯಲ್ಲಿ ಬೀಡಿ ಕಟ್ಟುವ ಮಹಿಳೆಯರ ದೊಡ್ಡ ವಸತಿಯೂ, ಅಶ್ವಿನಿ ಗ್ರಾಮೀಣ ವೈದ್ಯಕೀಯ ಕಾಲೇಜೂ ಇವೆ. ಮಗ್ಗದ ಸದ್ದಿನಲ್ಲಿ ಕಿವಿ ಮಂದವಾದ ವೃದ್ಧ ನೇಕಾರನು ತೆಲುಗು ಆಡುವವನಿರಬಹುದು. ಅಕ್ಕಲಕೋಟದ ಹಳ್ಳಿಯ ಅಜ್ಜಿಗೆ ಕನ್ನಡವೇ ಗತಿ. ವಿದ್ಯಾರ್ಥಿಯು ಬೇರೆ ಊರಿನವನು. ಆಗ ಪ್ರಶ್ನೆಗಳೆಲ್ಲ ಜೊತೆಗೆ ಬಂದ ಮಗನಿಗೆ ಹೋಗುತ್ತವೆ, ರೋಗಿಯು ಮೌನವಾಗಿ ಕುಳಿತಿರುತ್ತಾರೆ. ಅವರು ರಾತ್ರಿ ಬಿದ್ದದ್ದು, ಮಾತ್ರೆ ಬಿಟ್ಟದ್ದು, ಮೂತ್ರದ ತೊಂದರೆ ಮಗನಿಗೂ ತಿಳಿದಿರುವುದಿಲ್ಲ.

ಮನೆಯಲ್ಲಿ ಕನ್ನಡ, ಮರಾಠಿ, ಗುಜರಾತಿ, ಮಾರವಾಡಿ ಯಾವುದೇ ಇರಲಿ, ವೈದ್ಯಕೀಯ ಓದುವ ನಮ್ಮ ಮಕ್ಕಳು ರೋಗಿಯ ಭಾಷೆಯ ಹತ್ತು ಮಾತುಗಳನ್ನಾದರೂ ಕಲಿಯಲಿ. ವೃದ್ಧರ ಎದುರು ಕುಳಿತು, ಅವರ ಮುಖ ನೋಡಿ, ನಿಧಾನವಾಗಿ ಅವರನ್ನೇ ಕೇಳಲಿ. ಕುಟುಂಬದವರೂ ಎಲ್ಲ ಮಾತ್ರೆಗಳನ್ನು ಒಂದು ಚೀಲದಲ್ಲಿ ಒಯ್ಯಲಿ. ಹಿರಿಯರು ಉತ್ತರಿಸುವವರೆಗೆ ತಾಳ್ಮೆಯಿಂದಿರಲಿ. ಈ ಅಭ್ಯಾಸಕ್ಕೆ ಮೊದಲ ಪಾಠಶಾಲೆ ಮನೆಯ ಅಜ್ಜ ಅಜ್ಜಿಯರ ಹಾಸಿಗೆಯ ಬಳಿಯೇ ಇದೆ. ಅಲ್ಲಿ ಮಾಡಿದ ಸೇವೆಯೇ ವೈಯಾವೃತ್ಯ.

ಜೈ ಜಿನೇಂದ್ರ.